ಶಟ್‌ಡೌನ್ ನಡೆಯುತ್ತಿರುವಾಗ ಯೋಸೆಮಿಟಿಗೆ ಹೋಗಬಹುದಾ?

ಊರಿಂದ ಬಂದಿರುವ ಅಪ್ಪ-ಅಮ್ಮನನ್ನು ಕರೆದುಕೊಂಡು ಬೇ ಏರಿಯಾದಿಂದ ಕ್ಯಾಲಿಫೋರ್ನಿಯಾದ ಯೋಸೆಮಿಟಿ ನ್ಯಾಷನಲ್ ಪಾರ್ಕ್‌ಗೆ ಹೊರಟಿದ್ದೀರಿ, ಖರ್ಚಿಗೆ ಒಪ್ಪಿಗೆ ಸಿಗದೆ ಅಮೆರಿಕದ ಫೆಡರಲ್ ಸರ್ಕಾರ ಶಟ್‌ಡೌನ್ ಆಗಿದೆ, ಗೇಟ್ ತೆರೆದಿರುತ್ತದಾ ಎಂದು ಕೇಳಿದ್ದೀರಿ.

ಗೇಟ್ ಬಹುಶಃ ತೆರೆದೇ ಇರುತ್ತದೆ. 2013ರ ಅಕ್ಟೋಬರ್‌ನ 16 ದಿನಗಳ ಶಟ್‌ಡೌನ್ ಶುರುವಾದಾಗ ಎಲ್ಲ ನ್ಯಾಷನಲ್ ಪಾರ್ಕ್‌ಗಳನ್ನೂ ಮುಚ್ಚಿದ್ದರು. ಆದರೆ 2018-19ರ 35 ದಿನಗಳಲ್ಲಿ, 2025ರ 43 ದಿನಗಳಲ್ಲಿ ಬಹುತೇಕ ಪಾರ್ಕ್‌ಗಳ ರಸ್ತೆ, ಟ್ರೇಲ್ ತೆರೆದಿಟ್ಟು, ಹೆಚ್ಚಿನ ಸಿಬ್ಬಂದಿಯನ್ನು ಸಂಬಳವಿಲ್ಲದೆ ಮನೆಗೆ ಕಳಿಸಿದರು. ತೊಂದರೆ ಶುರುವಾಗುವುದೇ ಅಲ್ಲಿಂದ: ಜನ ಬರುತ್ತಾರೆ, ಟಾಯ್ಲೆಟ್ ತೊಳೆಯುವವರು ಇರುವುದಿಲ್ಲ. ಜನ ಕಂಡಕಂಡಲ್ಲಿ ಕೂತದ್ದರಿಂದಲೇ 2018-19ರ ಚಳಿಗಾಲ ಯೋಸೆಮಿಟಿಯ ಮಾರಿಪೋಸಾ ಗ್ರೋವ್ ಎಂಬ ದೈತ್ಯ ಮರಗಳ ತೋಪನ್ನು ಮುಚ್ಚಬೇಕಾಯಿತು.

ಹಾಗಾಗಿ ಮೊದಲು ಟಾಯ್ಲೆಟ್ ವ್ಯವಸ್ಥೆ ಮಾಡಿಕೊಳ್ಳಿ. ಪಾರ್ಕ್‌ನ ನಡುವಿನ ಯೋಸೆಮಿಟಿ ವ್ಯಾಲಿಯ ಹೋಟೆಲು, ಅಂಗಡಿಗಳನ್ನು ನಡೆಸುವುದು ಖಾಸಗಿ ಗುತ್ತಿಗೆದಾರರು. ಅವು ಸಾಮಾನ್ಯವಾಗಿ ತೆರೆದಿರುತ್ತವೆ, ಹೊರಡುವ ಮುನ್ನ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ. ಅದರ ಮೇಲೆ ತಲಾ ಎರಡು ವ್ಯಾಗ್ ಬ್ಯಾಗ್ (ಶೌಚಕ್ಕೆಂದೇ ಮಾಡಿದ ಚೀಲ) ಇಟ್ಟುಕೊಳ್ಳಿ. ಅದರೊಳಗಿನ ಪುಡಿ ದ್ರವವನ್ನು ಜೆಲ್ ಮಾಡುತ್ತದೆ. ಒಳಚೀಲ ಗಂಟು ಹಾಕಿ ಹೊರಗಿನ ಜಿಪ್ ಚೀಲಕ್ಕೆ ಹಾಕಿ, ಪಾರ್ಕ್ ದಾಟಿದ ಮೇಲೆ ಕಸದ ಡಬ್ಬಿಗೆ ಹಾಕಬೇಕು. ಟಾಯ್ಲೆಟ್ ಗುಂಡಿಗೆ ಎಸೆದರೆ ಅದನ್ನು ಖಾಲಿ ಮಾಡುವ ಪಂಪ್ ಕಟ್ಟಿಕೊಳ್ಳುತ್ತದೆ. ಮಂಡಿನೋವಿರುವ ಹಿರಿಯರಿಗೆ ಕುಕ್ಕರಗಾಲಲ್ಲಿ ಕೂರಲು ಆಗುವುದಿಲ್ಲ. 5 ಗ್ಯಾಲನ್ ಬಕೆಟ್ಟು, ಅದರ ಮೇಲೆ ಕೂರಿಸುವ ಸೀಟು, ಒಂದು ಪಾಪ್-ಅಪ್ ಟೆಂಟು ಇದ್ದರೆ ಅವರ ಮುಜುಗರವೂ ತಪ್ಪುತ್ತದೆ. ಇದನ್ನು ಯಾರೂ ಹೇಳುವುದಿಲ್ಲ, ದಿನ ಕೆಡುವುದು ಮಾತ್ರ ಇದರಿಂದಲೇ.

ನಲ್ಲಿ ನೀರು ನೆಚ್ಚಬೇಡಿ, ತಲಾ 4 ಲೀಟರ್ ಒಯ್ಯಿರಿ. ವ್ಯಾಲಿಯಲ್ಲಿ ಪೆಟ್ರೋಲ್ ಬಂಕ್ ಇಲ್ಲ. ದಾರಿಯ ಊರುಗಳಾದ ಮಾರಿಪೋಸಾ ಅಥವಾ ಗ್ರೋವ್‌ಲ್ಯಾಂಡ್‌ನಲ್ಲೇ ಟ್ಯಾಂಕ್ ತುಂಬಿಸಿ. ಸಿಗ್ನಲ್ ಸಿಗದ ಜಾಗ ಬಹಳ, ಮ್ಯಾಪ್ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಹಿಮ ಬಿದ್ದರೆ ತೆಗೆಯುವವರು ಕಡಿಮೆ, ಟೈರಿಗೆ ಹಾಕುವ ಚೈನ್ ಕಾರಿನಲ್ಲಿರಲಿ. ಚಪಾತಿ, ಚಿತ್ರಾನ್ನ ಏನೇ ಇದ್ದರೂ ರಾತ್ರಿ ಕಾರಿನಲ್ಲಿ ಬಿಡಬೇಡಿ, ಕರಡಿ ಬಾಗಿಲನ್ನೇ ಕಿತ್ತುಹಾಕುತ್ತದೆ.

ನಡೆಯಲು ವ್ಯಾಲಿಯ ಕುಕ್ಸ್ ಮೆಡೋ ಹುಲ್ಲುಗಾವಲಿನ ಸುತ್ತು ಸಾಕು: ಸಮತಟ್ಟು, ಸುಮಾರು ಒಂದು ಮೈಲಿ. ಜಲಪಾತದ ಪಕ್ಕದ ಮಿಸ್ಟ್ ಟ್ರೇಲ್‌ನ ಒದ್ದೆ ಮೆಟ್ಟಿಲು ಬೇಡವೇ ಬೇಡ. ಕಾಲು ಉಳುಕಿದರೆ ಎತ್ತಿ ತರುವ ರೇಂಜರ್‌ಗಳು ಬರಲು ಎಂದಿಗಿಂತ ತಡವಾಗಬಹುದು. ಗೇಟಿನಲ್ಲಿ ಫೀ ತೆಗೆದುಕೊಳ್ಳದಿದ್ದರೂ ಪರ್ಮಿಟ್, ಡ್ರೋನ್ ನಿಷೇಧ ಎಲ್ಲ ಜಾರಿಯಲ್ಲೇ ಇರುತ್ತವೆ.

ಇಷ್ಟೆಲ್ಲ ಹೊತ್ತುಕೊಂಡು ಹೋಗುವುದು ಕಷ್ಟ ಅನ್ನಿಸಿದರೆ ನನ್ನ ಸಲಹೆ ಕ್ಯಾಲವೆರಸ್ ಬಿಗ್ ಟ್ರೀಸ್. ಅದು ರಾಜ್ಯದ ಪಾರ್ಕ್, ಫೆಡರಲ್ ಶಟ್‌ಡೌನ್ ಅದಕ್ಕೆ ತಟ್ಟುವುದಿಲ್ಲ. ನಾರ್ತ್ ಗ್ರೋವ್‌ನಲ್ಲಿ ಸುಮಾರು ಒಂದೂವರೆ ಮೈಲಿಯ ಸುಲಭ ದಾರಿ, ಸುತ್ತ ದೈತ್ಯ ಸೆಕ್ವೊಯಾ ಮರಗಳು. ಟಾಯ್ಲೆಟ್ಟೂ ತೆರೆದಿರುತ್ತದೆ.