ನಾಟಕ ನೋಡದವರು ‘ಲೆ ಮಿಸರಾಬ್ಲ್’ ಚಿತ್ರವನ್ನು ನೇರವಾಗಿ ನೋಡಬಹುದೇ? – ಪ್ರತಿಕ್ರಿಯೆ

ನಮಸ್ಕಾರ. ‘ಲೆ ಮಿಸರಾಬ್ಲ್’ ಸಂಗೀತ ನಾಟಕವನ್ನು ರಂಗದ ಮೇಲೆ ನೋಡದವರಿಗೆ 2012ರ ಚಲನಚಿತ್ರ ಅರ್ಥವಾದೀತೇ ಎಂದು ತಾವು ಪೊನ್ನಂಪೇಟೆಯಿಂದ ಕೇಳಿದ್ದೀರಿ. ಖಂಡಿತ ಆಗುತ್ತದೆ. ಆದರೆ ನಮ್ಮ ಸಿನಿಮಾಗಳಂತೆ ಇಲ್ಲಿ ಮಾತಿನ ನಡುವೆ ಹಾಡು ಬರುವುದಿಲ್ಲ. ಜಗಳ, ಚೌಕಾಸಿ, ಸಾವು ಹೆಚ್ಚುಕಡಿಮೆ ಎಲ್ಲವೂ ಹಾಡಿನಲ್ಲೇ ನಡೆಯುತ್ತವೆ. ದುಡಿ ಬಾರಿಸುತ್ತ ಕಥೆಯನ್ನೇ ಹಾಡುವ ಬಾಳೋಪಾಟ್ ಕೇಳಿ ಬೆಳೆದ ನಮ್ಮ ಕೊಡಗಿನವರಿಗೆ ಇದು ತೀರ ಹೊಸದೆನಿಸಲಾರದು.

ನಿರ್ದೇಶಕ ಟಾಮ್ ಹೂಪರ್ ಅವರು ಹಾಡುಗಳನ್ನು ಮೊದಲೇ ಮುದ್ರಿಸಿಕೊಂಡು ನಟರಿಂದ ತುಟಿಯಾಡಿಸುವ ಬದಲು, ಕಿವಿಯೊಳಗಿನ ಪುಟ್ಟ ಇಯರ್‌ಪೀಸ್‌ನಲ್ಲಿ ಪಿಯಾನೋ ಕೇಳಿಸಿ, ಚಿತ್ರೀಕರಣದ ವೇಳೆಯಲ್ಲೇ ಅವರಿಂದ ಹಾಡಿಸಿದ್ದಾರೆ. ಹೀಗಾಗಿ, ಕೂದಲು ಮಾರಿಕೊಂಡ ಫಾಂಟೀನ್ ಆಗಿ ಆನ್ ಹ್ಯಾಥವೇ ಹಾಡುವಾಗ ಅವರ ಮುಖವನ್ನೇ ಹಿಡಿದು ನಿಂತ ಕ್ಯಾಮೆರಾದೊಂದಿಗೆ, ಬಿಕ್ಕಿ ಕಟ್ಟಿದ ಉಸಿರೂ ನಮಗೆ ಕೇಳಿಸುತ್ತದೆ. ರಂಗಮಂದಿರದ ಹಿಂದಿನ ಸಾಲಿನಲ್ಲಿ ಕುಳಿತವರಿಗೆ ಈ ಸಾಮೀಪ್ಯ ದೊರೆಯದು. ಕಂಠಸಿರಿಯ ವಿಷಯದಲ್ಲಿ ಮಾತ್ರ ರಂಗಗಾಯಕರೇ ಮೇಲೆಂಬುದು ನನ್ನ ಅಭಿಪ್ರಾಯ. ಆದ್ದರಿಂದ ಚಿತ್ರ ಮುಗಿದ ಮೇಲೆ ಲಂಡನ್ನಿನ 1985ರ ಪ್ರಯೋಗದ ಧ್ವನಿಮುದ್ರಿಕೆಯನ್ನು ದಯವಿಟ್ಟು ಕೇಳಿ.

ಚಿತ್ರದಲ್ಲಿ ಬರುವ ಬೀದಿ ಕಾಳಗ 1789ರ ಫ್ರೆಂಚ್ ಕ್ರಾಂತಿಯಲ್ಲ, 1832ರ ಜೂನ್‌ನಲ್ಲಿ ಪ್ಯಾರಿಸಿನಲ್ಲಿ ನಡೆದ ದಂಗೆ. ಇಷ್ಟು ತಿಳಿದಿದ್ದರೆ ಸಾಕು, ಈ ಕಥೆಗೆ ಮೂಲವಾದ ವಿಕ್ಟರ್ ಹ್ಯೂಗೋ ಅವರ ಕಾದಂಬರಿಯನ್ನು ಮೊದಲೇ ಓದಿರಬೇಕೆಂದೇನೂ ಇಲ್ಲ.