ವಿದ್ಯುತ್ ಯಂತ್ರದಿಂದ ಸಕ್ಕರೆ ಇಳಿಯುವುದೇ?

ಪ್ರಶ್ನೆ: ನನ್ನ ತಾಯಿಗೆ 66 ವರ್ಷ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಮಂಡಿನೋವಿನಿಂದಾಗಿ ಹೆಚ್ಚು ನಡೆಯಲಾರರು. ಪಾದಗಳು ಸದಾ ಜೋಮು ಹಿಡಿದಂತಿರುತ್ತವೆ. ನಮ್ಮೂರಿನ ಸಭಾಭವನದ ಉಚಿತ ಶಿಬಿರದಲ್ಲಿ, ಪಾದವಿಟ್ಟು ಕೂರುವ ವಿದ್ಯುತ್ ಯಂತ್ರವನ್ನು ಬಳಸಿದರೆ ಮಾತ್ರೆಯೇ ಬೇಡವೆನ್ನುತ್ತಿದ್ದಾರೆ. ಕೊಳ್ಳಬಹುದೇ?
– ಓದುಗರೊಬ್ಬರು, ಕಾಪು

ಉತ್ತರ: ಕೊಳ್ಳುವುದು ಬೇಡ, ಮಾತ್ರೆಯನ್ನಂತೂ ಖಂಡಿತ ನಿಲ್ಲಿಸಬಾರದು.

ಹಾಗೆಂದು ವಿದ್ಯುತ್ತಿನಿಂದ ಸ್ನಾಯುವನ್ನು ದುಡಿಸುವ ಚಿಕಿತ್ಸೆಗೆ ಆಧಾರವೇ ಇಲ್ಲವೆನ್ನಲಾಗದು. ಸ್ನಾಯು ಸಂಕುಚಿಸಿದಾಗ ಗ್ಲೂಟ್-4 ಎಂಬ ವಾಹಕ ಪ್ರೋಟೀನು ಜೀವಕೋಶದ ಒಳಗಿನಿಂದ ಹೊರಪೊರೆಗೆ ಬಂದು ರಕ್ತದಲ್ಲಿನ ಗ್ಲೂಕೋಸನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಇದಕ್ಕೆ ಇನ್ಸುಲಿನ್ನಿನ ಅಪ್ಪಣೆ ಬೇಕಿಲ್ಲವಾದ್ದರಿಂದ, ಇನ್ಸುಲಿನ್ನಿಗೆ ಸರಿಯಾಗಿ ಸ್ಪಂದಿಸದ ದೇಹದಲ್ಲೂ ಈ ದಾರಿ ತೆರೆದೇ ಇರುತ್ತದೆ. ತೊಡೆಯ ದೊಡ್ಡ ಸ್ನಾಯುಗಳಿಗೆ ಹೀಗೆ ವಿದ್ಯುತ್ ಹಾಯಿಸಿದಾಗ ಊಟದ ನಂತರದ ಸಕ್ಕರೆ ತುಸು ತಗ್ಗಿದ್ದನ್ನು ಕೆಲವು ಅಧ್ಯಯನಗಳು ತೋರಿಸಿವೆ. ಆದರೆ ಅವು ಬಹುತೇಕ ಸಣ್ಣ ಅಧ್ಯಯನಗಳು, ಫಲಿತಾಂಶವೂ ಒಂದೇ ತೆರನಾಗಿಲ್ಲ.

ಶಿಬಿರದ ಯಂತ್ರದ ವಿಷಯವೇ ಬೇರೆ. ಅಂಗಾಲಿನಲ್ಲಿ ಜುಮ್ಮೆನ್ನುವುದು ನರಕ್ಕೆ ತಾಗಿದ ವಿದ್ಯುತ್ತಿನ ಅನುಭವ ಮಾತ್ರ. ತೊಡೆಯ ಮೇಲೆ ಕೈಯಿಟ್ಟು ನೋಡಿ, ಅಲ್ಲಿ ಸ್ನಾಯು ಬಿಗಿಯಾಗಿ ಉಬ್ಬದಿದ್ದರೆ ಅದು ದುಡಿಯುತ್ತಿಲ್ಲವೆಂದೇ ಅರ್ಥ. ನನ್ನ ದೊಡ್ಡ ಆತಂಕ ನಿಮ್ಮ ತಾಯಿಯವರ ಜೋಮಿನ ಬಗ್ಗೆ. ಸ್ಪರ್ಶಜ್ಞಾನ ಕುಗ್ಗಿದ ಪಾದಕ್ಕೆ ವಿದ್ಯುತ್ತಿನಿಂದ ಚರ್ಮ ಸುಟ್ಟರೂ ತಿಳಿಯದು, ಆ ಗಾಯವೇ ಮಾಯದ ಹುಣ್ಣಾಗಬಹುದು. ಆದ್ದರಿಂದ ಮೊದಲು ವೈದ್ಯರಲ್ಲಿ ನೈಲಾನ್ ಎಳೆಯಿಂದ ಪಾದದ ಸ್ಪರ್ಶ ಪರೀಕ್ಷೆ ಮಾಡಿಸಿ. ಹೃದಯಕ್ಕೆ ಪೇಸ್‌ಮೇಕರ್ ಅಳವಡಿಸಿದವರಂತೂ ಇಂಥ ಯಂತ್ರಗಳಿಂದ ದೂರವಿರಬೇಕು.

ನಡೆಯಲಾಗದವರು ಕುಳಿತಲ್ಲೇ ಸ್ನಾಯು ದುಡಿಸಬಹುದು. ಮಧ್ಯಾಹ್ನ ಕುಚ್ಚಲಕ್ಕಿ ಅನ್ನ ಉಂಡ ಅರ್ಧ ಗಂಟೆಯ ಬಳಿಕ ಕುರ್ಚಿಯಲ್ಲಿ ಕುಳಿತು, ಒಂದೊಂದೇ ಕಾಲನ್ನು ನೇರಕ್ಕೆ ಚಾಚಿ, ಐದು ಎಣಿಸುವವರೆಗೆ ಹಿಡಿದು ನಿಧಾನವಾಗಿ ಇಳಿಸಲಿ. ತೊಡೆ ಬಲಗೊಂಡಂತೆ ಮಂಡಿನೋವೂ ಕಡಿಮೆಯಾಗುವ ಸಾಧ್ಯತೆಯಿದೆ. ಇದೂ ಆಗದಿದ್ದರೆ ಮಾತ್ರ ವೈದ್ಯರ ಒಪ್ಪಿಗೆ ಪಡೆದು, ಫಿಸಿಯೋಥೆರಪಿಸ್ಟರ ಕೈಯಲ್ಲೇ ತೊಡೆಗೆ ವಿದ್ಯುತ್ ಚಿಕಿತ್ಸೆ ಮಾಡಿಸಬಹುದು. ಗ್ಲಿಮೆಪಿರೈಡ್ ಸಕ್ಕರೆಯನ್ನು ವಿಪರೀತ ಇಳಿಸಬಲ್ಲದಾದ್ದರಿಂದ ಚಿಕಿತ್ಸೆಯ ಮೊದಲೂ ನಂತರವೂ ಗ್ಲುಕೋಮೀಟರಿನಲ್ಲಿ ನೋಡಿಕೊಳ್ಳಿ; 70ಕ್ಕಿಂತ ಕೆಳಗಿದ್ದರೆ ಕೂಡಲೇ ಮೂರು ಚಮಚ ಸಕ್ಕರೆ ಕದಡಿದ ನೀರು ಕುಡಿಸಿ, ಹದಿನೈದು ನಿಮಿಷದ ಬಳಿಕ ಮತ್ತೆ ಪರೀಕ್ಷಿಸಿ.