ಕೆಂಪು ಗರಸೆಲ್ಲ ರಸ್ತೆಯ ತಳಪದರಕ್ಕೆ ಒಂದೇ ಅಲ್ಲವೇ?

ಖಂಡಿತ ಅಲ್ಲ. ಉಷ್ಣವಲಯದ ಬಿಸಿಲು ಮಳೆಗೆ ಶಿಲೆ ಶಿಥಿಲಗೊಂಡು, ಸಿಲಿಕಾ ತೊಳೆದುಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳು ಗಂಟುಕಟ್ಟಿದಾಗ ಮುರಕಲ್ಲಿನ ಗರಸು ಉಂಟಾಗುತ್ತದೆ. ಆ ಗಂಟಿನಲ್ಲಿ ಹೆಮಟೈಟ್ ಎಂಬ ಕಬ್ಬಿಣದ ಆಕ್ಸೈಡ್ ಹೆಚ್ಚಿದ್ದರೆ ಕಾಳು ರೋಲರಿನ ಭಾರವನ್ನು ತಡೆದುಕೊಳ್ಳುತ್ತದೆ. ಕೆಯೊಲಿನೈಟ್ ಜೇಡಿ ಹೆಚ್ಚಿದ್ದರೆ, ಒಣಗಿದಾಗ ಗಟ್ಟಿಯೆನಿಸಿದ ಕಾಳೇ ನೀರು ಹೀರಿ ಮೆದುವಾಗಿ ಪುಡಿಯಾಗುತ್ತದೆ. ಆದ್ದರಿಂದ ಪೆಟ್ಟಿಗೆ ಕಾಳು ಎಷ್ಟು ಪುಡಿಯಾಗುತ್ತದೆಂದು ಅಳೆಯುವ ಆಘಾತ ಪರೀಕ್ಷೆಯನ್ನು ನೆನೆಸಿದ ಮಾದರಿಯ ಮೇಲೆಯೇ ಮಾಡಿಸಬೇಕೆಂಬುದು ನನ್ನ ಒತ್ತಾಯ.

ಬೆಂಗಳೂರಿನ ಸುತ್ತಲಿನ ಗರಸು ಬಹುಪಾಲು ಲಾಲ್‌ಬಾಗ್ ಬಂಡೆಯಂಥ ನೈಸ್ ಶಿಲೆಯಿಂದ ಬಂದದ್ದು. ಅದರ ಚೂಪಾದ ಕ್ವಾರ್ಟ್ಜ್ ಹರಳುಗಳು ಒಂದನ್ನೊಂದು ಕಚ್ಚಿಕೊಳ್ಳುತ್ತವೆ, ಆದರೆ ಅದೇ ಶಿಲೆಯ ಫೆಲ್ಡ್‌ಸ್ಪಾರ್ ಎಂಬ ಖನಿಜ ಜೇಡಿಯಾಗಿ ಮಾರ್ಪಟ್ಟು ಮಳೆಗಾಲದಲ್ಲಿ ಪದರದ ಬಲವನ್ನು ಕುಗ್ಗಿಸುತ್ತದೆ. ಚೂಪು ಹರಳಿನಂತಲ್ಲದೆ, ಬಟಾಣಿಯಂತೆ ದುಂಡಗಿನ ಕಾಳು ಗಟ್ಟಿಯಿದ್ದರೂ ಕಚ್ಚಿಕೊಳ್ಳದೆ ಉರುಳುತ್ತದೆ. 425 ಮೈಕ್ರಾನ್ ಜರಡಿ ದಾಟುವ ಪುಡಿಯ ಪ್ಲಾಸ್ಟಿಸಿಟಿ ಸೂಚ್ಯಂಕ (ಒದ್ದೆಯಾದಾಗ ಅದು ಎಷ್ಟು ಜೇಡಿಯಂತೆ ವರ್ತಿಸುತ್ತದೆಂಬ ಅಳತೆ) 6 ಮೀರಬಾರದೆಂಬುದು ಹೆದ್ದಾರಿ ಕಾಮಗಾರಿಗಳ ನಿಯಮ.